ಹುಳಿಪಾನಕದಲ್ಲಿ ಮದ್ಯದ ಗೆರೆ

ಮನೆಯಲ್ಲಿ ಹಣ್ಣಿನ ಹುಳಿ ಕಾಕ್‌ಟೇಲ್ ಮಾಡಲು ಹೆಚ್ಚೇನೂ ಬೇಕಿಲ್ಲ. 60 ಮಿ.ಲೀ. ವಿಸ್ಕಿ, ಜಿನ್ ಅಥವಾ ರಮ್, ಅದರ ಅರ್ಧದಷ್ಟು ನಿಂಬೆರಸ, ಅಷ್ಟೇ ಸಕ್ಕರೆ ಪಾಕ, ಮೇಲೆ ಅನಾನಸ್ಸೋ ದ್ರಾಕ್ಷಿಯೋ ಮಾವೋ ಯಾವುದಾದರೊಂದು ಹಣ್ಣಿನ ರಸ. ಇಷ್ಟನ್ನೂ ಮಂಜುಗಡ್ಡೆಯ ಜೊತೆ ಮುಚ್ಚಳದ ಪಾತ್ರೆಗೆ ಹಾಕಿ ಹತ್ತು ಹದಿನೈದು ಸೆಕೆಂಡು ಜೋರಾಗಿ ಕುಲುಕಿ ಸೋಸಿದರೆ ಮುಗಿಯಿತು. 1862ರಲ್ಲಿ ನ್ಯೂಯಾರ್ಕಿನ ಜೆರಿ ಥಾಮಸ್ ಹೊರತಂದ ಪಾನೀಯಗಳ ಪುಸ್ತಕದಲ್ಲೇ ಈ ಜಾತಿಯ ಮಿಶ್ರಣಗಳಿವೆ. ಸ್ಪಿರಿಟ್, ಹುಳಿ, ಸಿಹಿ ಎಂಬ ಮೂರರ ಕಟ್ಟು ಅಂದಿನಿಂದ ಬದಲಾಗಿಲ್ಲ. ಮೂರರಲ್ಲಿ ಮೊದಲನೆಯದನ್ನು ಬಿಟ್ಟು, ಸಕ್ಕರೆಯ ಬದಲು ಬೆಲ್ಲ ಕರಗಿಸಿ, ಏಲಕ್ಕಿ, ಕಾಳುಮೆಣಸು ಕುಟ್ಟಿ ಸೇರಿಸಿದರೆ ಅದು ರಾಮನವಮಿಯ ದಿನ ದೇವರಿಗೆ ನೈವೇದ್ಯ ಮಾಡಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೊಡುವ ಪಾನಕ. ಒಂದು ಲೋಟ ಪ್ರಸಾದ, ಇನ್ನೊಂದು ಲೋಟ ಹಲವು ಧರ್ಮಗಳಲ್ಲಿ ಪಾಪ. ನಡುವಿನ ಅಂತರ ಸುಮಾರು 20 ಗ್ರಾಂ ಆಲ್ಕೋಹಾಲ್. ಆ ಅಂತರ ಪಾಪವಾಗುವುದು ಯಾವ ಕಾರಣಕ್ಕೆ, ಎಷ್ಟಾದರೆ, ಯಾವ ಗಳಿಗೆಯಿಂದ ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಶತಮಾನಗಟ್ಟಲೆ ಬಿಡಿಸುತ್ತಾ ಕೂತಿದ್ದಾರೆ.

ಬಾಟಲಿಯಿಂದ ಸ್ಪಿರಿಟ್ ಸುರಿಯುವ ಮನೆಯಲ್ಲಿ ಗೆರೆಯನ್ನು ಹುಡುಕಬೇಕಿಲ್ಲ. ಬಿರಡೆ ತೆಗೆದರೆ ಗೆರೆ ದಾಟಿದಂತೆ. ಹಳೆಯ ಶಾಸ್ತ್ರಕಾರರ ಮುಂದಿದ್ದದ್ದು ಬಾಟಲಿಯಲ್ಲ, ತನ್ನಷ್ಟಕ್ಕೆ ಬದಲಾಗುವ ರಸದ ಗಡಿಗೆ. ಹಣ್ಣಿನ ಸಿಪ್ಪೆಯ ಮೇಲೆ, ಗಡಿಗೆಯ ಒಳಮೈಯಲ್ಲಿ ಯೀಸ್ಟ್ ಇದ್ದೇ ಇರುತ್ತದೆ. ದ್ರಾಕ್ಷಿ ಹಿಂಡಿದ ರಸವನ್ನು ಬೇಸಿಗೆಯಲ್ಲಿ ಹಾಗೇ ಇಟ್ಟರೆ ಒಂದೆರಡು ದಿನದಲ್ಲಿ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟುತ್ತವೆ, ಮೇಲೆ ತೆಳು ನೊರೆ ಕಟ್ಟುತ್ತದೆ, ಕಿವಿಗೊಟ್ಟರೆ ಚಿಟಿಚಿಟಿ ಸದ್ದು ಕೇಳುತ್ತದೆ. ಸಿಹಿ ಇಳಿದು ನಾಲಿಗೆಗೆ ಚುರುಕು ಹತ್ತುತ್ತದೆ. ಲೀಟರಿಗೆ 17 ಗ್ರಾಮಿನಷ್ಟು ಸಕ್ಕರೆ ಕರಗಿಹೋದರೆ ಸುಮಾರು ಶೇ. 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಚೆನ್ನಾಗಿ ಮಾಗಿದ ದ್ರಾಕ್ಷಿಯ ರಸ ಪೂರ್ತಿ ಹುದುಗಿದರೆ ಶೇ. 10 ದಾಟುವುದು ಕಷ್ಟವಲ್ಲ. ನಿಂಬೆ ಹಿಂಡಿದ್ದೇನೆ, ಕೆಡುವುದಿಲ್ಲ ಎಂದುಕೊಂಡರೆ ಅದು ತಪ್ಪು ಲೆಕ್ಕ: ಹುಳಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಗಳು ಸೊರಗುತ್ತವೆ, ಯೀಸ್ಟ್ ಸೊರಗುವುದಿಲ್ಲ. ಆ ರಸ ಗಾಳಿಗೆ ತೆರೆದುಕೊಂಡು ಇನ್ನಷ್ಟು ದಿನ ಉಳಿದರೆ ಬೇರೊಂದು ಬಗೆಯ ಬ್ಯಾಕ್ಟೀರಿಯ ಬಂದು ಆಲ್ಕೋಹಾಲನ್ನೇ ವಿನೆಗರ್ ಮಾಡುತ್ತದೆ. ಪಾನಕ, ಮದ್ಯ, ವಿನೆಗರ್ ಮೂರೂ ಒಂದೇ ಗಡಿಗೆಯ ಮೂರು ವಯಸ್ಸುಗಳು. ಇಲ್ಲಿಗೆ ಒಂದು ಮುಗಿದು ಇಲ್ಲಿಂದ ಇನ್ನೊಂದು ಶುರು ಎಂದು ಹೇಳುವ ಗುರುತು ಆ ಗಡಿಗೆಯಲ್ಲಿಲ್ಲ. ಗುರುತು ಹಾಕಬೇಕಾದವರು ಮನುಷ್ಯರು. ಯಾರು ಎಲ್ಲಿ ಹಾಕಿದರು ಎಂಬುದನ್ನು ನೋಡಿದರೆ ಪಾಪ ಎಲ್ಲಿ ಕೂತಿದೆ ಎಂದು ಅವರು ನಂಬಿದ್ದರೆಂಬುದು ತಿಳಿಯುತ್ತದೆ.

ಧರ್ಮಶಾಸ್ತ್ರ ಹಿಡಿದದ್ದು ವಸ್ತುವಿನ ದಾರಿ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಸುರಾಪಾನವನ್ನು ಬ್ರಹ್ಮಹತ್ಯೆಯ ಸಾಲಿನಲ್ಲಿ ಕೂರಿಸಿ ಮಹಾಪಾತಕ ಎನ್ನುತ್ತದೆ. ಬೆಲ್ಲದಿಂದಾದ ಗೌಡೀ, ಹಿಟ್ಟಿನಿಂದಾದ ಪೈಷ್ಟೀ, ಹಿಪ್ಪೆ ಹೂವಿನಿಂದ ಅಥವಾ ಜೇನಿನಿಂದಾದ ಮಾಧ್ವೀ ಎಂದು ಸುರೆಯಲ್ಲಿ ಮೂರು ಬಗೆ ಹೇಳುತ್ತದೆ. ಸುರೆ ಅನ್ನದ ಮಲ, ಮಲ ಪಾಪ, ಆದ್ದರಿಂದ ಕುಡಿಯಬಾರದು ಎಂಬುದು ಅಲ್ಲಿ ಕೊಟ್ಟ ಕಾರಣ. ಪ್ರಾಯಶ್ಚಿತ್ತ ಭಯಂಕರ: ಕುದಿಯುವ ಸುರೆಯನ್ನೇ ಕುಡಿದು ದೇಹ ಬಿಡಬೇಕು. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಮಾತು ಬೇರೆಯೇ ಇದೆ. ಮಾಂಸ, ಮದ್ಯ, ಮೈಥುನಗಳಲ್ಲಿ ದೋಷವಿಲ್ಲ, ಜೀವಿಗಳ ಸಹಜ ಪ್ರವೃತ್ತಿ ಅದು, ಬಿಟ್ಟವರಿಗೆ ಮಾತ್ರ ದೊಡ್ಡ ಫಲ ಎನ್ನುತ್ತದೆ.

ಈ ಎರಡು ಮಾತನ್ನು ಕೂಡಿಸುವ ಕೆಲಸ ವ್ಯಾಖ್ಯಾನಕಾರರ ಪಾಲಿಗೆ ಬಂತು. ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಇಲ್ಲಿ ಸ್ಮೃತಿಕಾರ ಪುಲಸ್ತ್ಯನ ಪಟ್ಟಿಯನ್ನು ತರುತ್ತಾನೆ. ಹಲಸಿನದು, ದ್ರಾಕ್ಷಿಯದು, ಹಿಪ್ಪೆಯದು, ಖರ್ಜೂರದ್ದು, ತಾಳೆಯದು, ಕಬ್ಬಿನದು, ತೆಂಗಿನದು ಹೀಗೆ ಹನ್ನೊಂದು ಮದ್ಯಗಳು. ಹನ್ನೆರಡನೆಯದು ಸುರೆ, ಎಲ್ಲಕ್ಕಿಂತ ಕೀಳು. ಹಿಟ್ಟಿನ ಸುರೆ ದ್ವಿಜರೆಲ್ಲರಿಗೂ ನಿಷಿದ್ಧ, ಉಳಿದ ಮದ್ಯಗಳು ಬ್ರಾಹ್ಮಣನಿಗೆ ನಿಷಿದ್ಧ, ಕ್ಷತ್ರಿಯ ವೈಶ್ಯರಿಗೆ ಅವುಗಳಲ್ಲಿ ದೋಷವಿಲ್ಲ ಎಂಬಲ್ಲಿಗೆ ವಿಚಾರ ಬಂದು ನಿಲ್ಲುತ್ತದೆ. ಅಂದರೆ ಹಲಸಿನ ಮದ್ಯದ ಒಂದೇ ಗಡಿಗೆ ಒಬ್ಬನಿಗೆ ಪಾತಕ, ಪಕ್ಕದವನಿಗೆ ಪಾನ. ಯಾರಿಗೆ ಎಷ್ಟು ಅಮಲೇರಿತು, ಅಮಲಿನಲ್ಲಿ ಯಾರು ಏನು ಮಾಡಿದರು ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಏಳುವುದೇ ಇಲ್ಲ. ಶಾಸ್ತ್ರ ಕಾಯಲು ಹೊರಟದ್ದು ಕುಡಿಯುವವನ ಬುದ್ಧಿಯನ್ನಲ್ಲ, ಅವನ ವರ್ಣದ ಶುದ್ಧಿಯನ್ನು. ವಿಂಗಡಣೆ ಎಷ್ಟೇ ಸೂಕ್ಷ್ಮವಾಗಿದ್ದರೂ ಈ ಉತ್ತರ ಪ್ರಶ್ನೆಯ ಹೊರಗೇ ನಿಂತಿದೆ ಎನ್ನಬೇಕು.

ಆದರೆ ಮನುವಿನ ಐದನೆಯ ಅಧ್ಯಾಯದಲ್ಲೇ ಹೆಚ್ಚು ಬೆಲೆಯ ಸಣ್ಣ ವಿಧಿಯೊಂದಿದೆ. ಹೊತ್ತು ಕಳೆದು ತಾನಾಗಿ ಹುಳಿತ ಪದಾರ್ಥಕ್ಕೆ ಶಾಸ್ತ್ರದ ಹೆಸರು ಶುಕ್ತ, ಅದು ವರ್ಜ್ಯ. ಮೊಸರು ಮತ್ತು ಮೊಸರಿನಿಂದಾದವಕ್ಕೆ ಅಲ್ಲಿ ವಿನಾಯಿತಿ. ಹಾಗೆಯೇ ಶುಭವಾದ ಹೂ, ಬೇರು, ಹಣ್ಣುಗಳಿಂದ ತೆಗೆದ ಹುಳಿರಸಗಳಿಗೂ ವಿನಾಯಿತಿ. ಶುಭ ಎಂಬ ವಿಶೇಷಣ ಯಾಕೆ ಬಂತು ಎಂದು ಕೇಳಿಕೊಂಡ ವ್ಯಾಖ್ಯಾನಕಾರರು, ಬುದ್ಧಿಗೆ ಮೋಹ ತರುವಂಥದ್ದನ್ನು ಹೊರಗಿಡಲು ಎಂದು ಉತ್ತರಿಸಿದರು. ಹಣ್ಣು ಹುಳಿಯಬಹುದು, ಅಮಲು ತರಬಾರದು. ಸುರೆಯ ಪ್ರಕರಣದಲ್ಲಿ ಕಾಣದ ವಿವೇಕ ಉಪ್ಪಿನಕಾಯಿ, ಹುಳಿನೀರಿನ ಈ ಪ್ರಕರಣದಲ್ಲಿ ಕಾಣುತ್ತದೆ.

ಭಿಕ್ಷುಗಳ ನಿಯಮಾವಳಿಯಾದ ಬೌದ್ಧ ವಿನಯದ ದಾರಿ ಬೇರೆ, ಅದರಲ್ಲಿ ಹಣ್ಣಿನ ರಸಕ್ಕೆ ಸಿಕ್ಕ ಗಮನ ಅಪೂರ್ವ. ಮಧ್ಯಾಹ್ನದ ಮೇಲೆ ಭಿಕ್ಷುಗಳು ಊಟ ಮಾಡುವಂತಿಲ್ಲ. ಕೇಣಿಯ ಎಂಬ ಜಟಾಧಾರಿ ತಾಪಸ ಒಮ್ಮೆ ಪಾನಕಗಳನ್ನು ಮಾಡಿಸಿಕೊಂಡು ಸಂಘಕ್ಕೆ ಕೊಡಲು ಬಂದ. ಕುಡಿಯಬಹುದೇ ಎಂದು ಭಿಕ್ಷುಗಳು ಹಿಂಜರಿದರು. ಆಗ ಬುದ್ಧ ಎಂಟು ಪಾನಕಗಳಿಗೆ ಒಪ್ಪಿಗೆ ಕೊಟ್ಟನೆಂದು ವಿನಯಪಿಟಕದ ಮಹಾವಗ್ಗ ಹೇಳುತ್ತದೆ: ಮಾವು, ನೇರಳೆ, ಎರಡು ಬಗೆಯ ಬಾಳೆ, ಜೇನು, ದ್ರಾಕ್ಷಿ, ತಾವರೆಗೆಡ್ಡೆ, ಫಾಲಸ ಹಣ್ಣು. ಅಲ್ಲಿಗೇ ನಿಲ್ಲದೆ, ಧಾನ್ಯದ್ದನ್ನು ಬಿಟ್ಟು ಎಲ್ಲ ಕಾಯಿಹಣ್ಣುಗಳ ರಸ, ಹಿಪ್ಪೆ ಹೂವಿನದನ್ನು ಬಿಟ್ಟು ಎಲ್ಲ ಹೂಗಳ ರಸ, ಕಬ್ಬಿನ ಹಾಲು ಇವಕ್ಕೂ ಒಪ್ಪಿಗೆ ಸಿಕ್ಕಿತು. ಧಾನ್ಯದ ರಸ ಊಟಕ್ಕೆ ಹತ್ತಿರ, ಹಿಪ್ಪೆಯ ರಸ ಹೆಂಡಕ್ಕೆ ಹತ್ತಿರ. ಬಿಟ್ಟವುಗಳನ್ನು ನೋಡಿದರೇ ಕಾರಣ ಹೊಳೆಯುತ್ತದೆ. ಈ ಪಾನಕಗಳಿಗೆ ಗಡುವೂ ಇದೆ. ಪಡೆದ ದಿನದ ಮಧ್ಯಾಹ್ನದಿಂದ ಮರುದಿನ ಬೆಳಗಾಗುವವರೆಗೆ ಕುಡಿಯಬಹುದು, ಅದರಾಚೆಗೆ ಇಟ್ಟುಕೊಳ್ಳುವಂತಿಲ್ಲ. ರಸ ಹುದುಗಿತೇ ಇಲ್ಲವೇ ಎಂದು ಭಿಕ್ಷು ಮೂಸಿ, ನೆಕ್ಕಿ ತೀರ್ಮಾನಿಸಬೇಕಿಲ್ಲ. ಸೂರ್ಯ ಹುಟ್ಟಿದರೆ ತೀರ್ಮಾನವಾಯಿತು. ಬದಲಾಗುತ್ತಲೇ ಇರುವ ವಸ್ತುವಿಗೆ ಹೊತ್ತಿನ ಗಡಿ ಹಾಕಿದ ಈ ನಿಯಮ ಗುಳ್ಳೆಯೇಳುವ ಮೊದಲೇ ಗಡಿಗೆಯನ್ನು ಖಾಲಿ ಮಾಡಿಸುತ್ತದೆ.

ಮದ್ಯದ ನಿಷೇಧ ಬಂದದ್ದಕ್ಕೂ ಅಲ್ಲೊಂದು ಕತೆಯಿದೆ. ಭಿಕ್ಷು ಸಾಗತ ಋದ್ಧಿಬಲದವನು; ವಿಷನಾಗನೊಂದನ್ನು ಬೆಂಕಿಗೆ ಬೆಂಕಿ ಕೊಟ್ಟು ಸೋಲಿಸಿದವನು. ಅವನನ್ನು ಸತ್ಕರಿಸಬೇಕೆಂದು ಕೌಶಾಂಬಿಯ ಗೃಹಸ್ಥರು ಮನೆಮನೆಯಲ್ಲೂ ತಿಳಿಯಾದ ಮದ್ಯವನ್ನು ಅಣಿಮಾಡಿಟ್ಟರು. ಪ್ರತಿ ಮನೆಯಲ್ಲೂ ಕುಡಿದ ಸಾಗತ ಊರಬಾಗಿಲಲ್ಲಿ ಬಿದ್ದ. ಎತ್ತಿ ತಂದು ಬುದ್ಧನ ಕಡೆ ತಲೆಯಿಟ್ಟು ಮಲಗಿಸಿದರೆ, ಹೊರಳಿ ಅವನ ಕಡೆಗೇ ಕಾಲು ಚಾಚಿದ. ಮೊದಲು ಇವನಿಗೆ ಗುರುವಿನಲ್ಲಿ ಗೌರವವಿತ್ತಲ್ಲವೇ, ನಾಗನೊಡನೆ ಹೋರಾಡಿದವನಲ್ಲವೇ, ಈಗ ಒಂದು ನೀರುಹಾವಿನೊಡನೆಯಾದರೂ ಹೋರಾಡಬಲ್ಲನೇ ಎಂದು ಬುದ್ಧ ಸಂಘವನ್ನು ಕೇಳಿದ. ಸಾಗತನನ್ನು ಯಾರೂ ಕೆಟ್ಟವನೆನ್ನುವುದಿಲ್ಲ, ಮದ್ಯ ಕೊಟ್ಟವರೂ ಭಕ್ತಿಯಿಂದಲೇ ಕೊಟ್ಟವರು. ಕಳೆದುಹೋದದ್ದು ಎಚ್ಚರ. ಗೃಹಸ್ಥರ ಐದನೆಯ ಶೀಲದಲ್ಲಿ ಮದ್ಯವನ್ನು ಪ್ರಮಾದದ ನೆಲೆ ಎಂದು ಹೆಸರಿಸಿರುವುದೂ ಇದಕ್ಕೇ. ಸುರೆಯನ್ನು ಮಲ ಎನ್ನುವ ಮಾತು ಇಲ್ಲಿ ಬರುವುದಿಲ್ಲ.

ಕಾರಣ ಮನಸ್ಸಿಗೆ ಸೇರಿದ್ದಾದರೂ ನಿಯಮವನ್ನು ಮನಸ್ಸಿನ ಮೇಲೆ ಬಿಟ್ಟಿಲ್ಲ ಎಂಬುದೇ ವಿನಯದ ವಿಶೇಷ. ಹುಲ್ಲಿನ ತುದಿಯಲ್ಲಿ ಹತ್ತುವಷ್ಟು ಮದ್ಯ ಕುಡಿದರೂ ದೋಷ. ಮದ್ಯವೆಂದು ತಿಳಿಯದೆ ಕುಡಿದರೂ ದೋಷ. ಬೇರೆ ಎಷ್ಟೋ ನಿಯಮಗಳಲ್ಲಿ ಉದ್ದೇಶವನ್ನೇ ದೊಡ್ಡದು ಮಾಡುವ ವಿನಯ ಇಲ್ಲಿ ಅರಿವಿಲ್ಲದ್ದನ್ನು ನೆಪವಾಗಿ ಒಪ್ಪುವುದಿಲ್ಲ. ಇನ್ನೊಂದು ಬದಿಯಲ್ಲಿ, ಮದ್ಯದ ಬಣ್ಣ, ಮದ್ಯದ ವಾಸನೆ, ಮದ್ಯದ ರುಚಿ ಇದ್ದೂ ಮದ್ಯವಲ್ಲದ್ದನ್ನು ಕುಡಿದರೆ ದೋಷವಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಇಂದಿನ ಆಲ್ಕೋಹಾಲ್ ಇಲ್ಲದ ಕಾಕ್‌ಟೇಲುಗಳ ವಿಚಾರ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೀರ್ಮಾನವಾಗಿತ್ತು ಎಂದಾಯಿತು. ಆದರೆ ಮದ್ಯವಲ್ಲದ್ದನ್ನು ಮದ್ಯವೆಂದೇ ಭಾವಿಸಿ ಕುಡಿದರೆ ಅದು ದುಕ್ಕಟ, ಸಣ್ಣ ದೋಷ. ಲೋಟದಲ್ಲಿ ಪಾಪವಿಲ್ಲದಿದ್ದರೂ ಎತ್ತಿದ ಕೈಯಲ್ಲಿ ಕೊಂಚ ಇದೆ.

ಇಸ್ಲಾಮಿನ ಧರ್ಮವಿಧಿಯೂ ಇದೇ ಗಡಿಗೆಯ ಸುತ್ತ ಬೆಳೆದದ್ದು. ಅರಬ್ಬೀ ನಾಡಿನ ನೀರಿಗೆ ರುಚಿ ಬರಲೆಂದು ಖರ್ಜೂರವನ್ನೋ ಒಣದ್ರಾಕ್ಷಿಯನ್ನೋ ನೆನೆಹಾಕಿ ಮಾಡುವ ಪಾನೀಯಕ್ಕೆ ನಬೀಝ್ ಎಂದು ಹೆಸರು. ಪ್ರವಾದಿಯವರಿಗಾಗಿ ಬೆಳಗ್ಗೆ ನೆನೆಹಾಕಿದ್ದನ್ನು ಸಂಜೆ, ಸಂಜೆ ನೆನೆಹಾಕಿದ್ದನ್ನು ಬೆಳಗ್ಗೆ ಕೊಡುತ್ತಿದ್ದೆವು ಎಂದು ಆಯಿಷಾ ಹೇಳಿದ ಹದೀಸ್ ಇದೆ. ಮೂರನೆಯ ದಿನದ ಸಂಜೆಯವರೆಗೆ ಕುಡಿದು, ಉಳಿದದ್ದನ್ನು ಚೆಲ್ಲಿಸುತ್ತಿದ್ದರು ಎಂದು ಇಬ್ನ್ ಅಬ್ಬಾಸ್ ಹೇಳಿದ್ದಿದೆ. ಪಾತ್ರೆಯ ಮೇಲೂ ನಿಯಮ ಬಂತು. ಸೋರೆಬುರುಡೆ, ಮೆರುಗಿನ ಜಾಡಿ, ಕೊರೆದ ಖರ್ಜೂರದ ಬುಡ, ಡಾಂಬರು ಬಳಿದ ಪಾತ್ರೆ ಇವುಗಳಲ್ಲಿ ನೆನೆಹಾಕಬಾರದು, ತೊಗಲ ಚೀಲದಲ್ಲಿ ಹಾಕಬಹುದು. ಒಳಗೆ ಹುದುಗೆದ್ದರೆ ತೊಗಲು ಉಬ್ಬಿ ತೋರಿಸುತ್ತದೆ, ದಪ್ಪ ಗೋಡೆಯ ಜಾಡಿ ಮುಚ್ಚಿಡುತ್ತದೆ ಎಂಬುದು ವಿದ್ವಾಂಸರು ಕೊಟ್ಟ ಕಾರಣ. ಮುಂದೆ ಈ ನಿಷೇಧವನ್ನು ಸಡಿಲಿಸಿ, ಯಾವ ಪಾತ್ರೆಯಾದರೂ ಸರಿ, ಅಮಲಿನದನ್ನು ಮಾತ್ರ ಕುಡಿಯಬೇಡಿ ಎಂದರು. ಹೊಸಬರಿಗೆ ಗುರುತು ಹತ್ತುವವರೆಗೆ ಹೊರಗಿನ ಬೇಲಿ ಬೇಕಿತ್ತು, ಹತ್ತಿದ ಮೇಲೆ ಬೇಲಿಯನ್ನು ಸರಿಸಬಹುದಿತ್ತು.

ಅಮಲು ಎಂಬುದನ್ನು ಎಲ್ಲಿಂದ ಅಳೆಯಬೇಕು ಎಂಬಲ್ಲಿ ವಾದ ಎದ್ದಿತು. ಎಂಟನೆಯ ಶತಮಾನದ ಇಮಾಮ್ ಅಬೂ ಹನೀಫಾ ಅವರ ಮತದಲ್ಲಿ ಕುರ್‌ಆನಿನ ಖಮ್ರ್ ಎಂದರೆ ಕಾಯಿಸದ ದ್ರಾಕ್ಷಿರಸ ಹುದುಗಿದ್ದು. ಅದರ ಒಂದು ಹನಿಯೂ ನಿಷಿದ್ಧ. ಉಳಿದ ಕೆಲವು ಪಾನೀಯಗಳಲ್ಲಿ ನಿಷಿದ್ಧವಾದದ್ದು ಮತ್ತೇರಿಸುವ ಪ್ರಮಾಣ ಮಾತ್ರ. ಇತರ ಮೂರು ಸುನ್ನೀ ಪಂಥಗಳು ಇದನ್ನು ಒಪ್ಪಲಿಲ್ಲ. ಯಾವುದು ಹೆಚ್ಚು ಕುಡಿದರೆ ಅಮಲೇರಿಸುತ್ತದೋ ಅದರ ಕೊಂಚವೂ ನಿಷಿದ್ಧ ಎಂಬ ಹದೀಸ್ ಅವರ ಆಧಾರ. ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ ಎಂದು ಐದನ್ನು ಎಣಿಸಿ, ಬುದ್ಧಿಯನ್ನು ಮುಸುಕುವುದೆಲ್ಲ ಖಮ್ರ್ ಎಂದ ಖಲೀಫ ಉಮರ್ ಅವರ ಮಾತೂ ಅವರ ಕಡೆಗಿತ್ತು. ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಅಶ್ಶೈಬಾನಿಯೇ ಈ ವಿಷಯದಲ್ಲಿ ಗುರುವನ್ನು ಬಿಟ್ಟು ಬಹುಮತದ ಕಡೆ ನಿಂತರು, ಮುಂದಿನ ಹನಫೀ ವಿದ್ವಾಂಸರು ಶಿಷ್ಯನ ಮಾತನ್ನೇ ಹಿಡಿದರು. ಗಡಿಗೆಯ ಮೂರನೆಯ ವಯಸ್ಸಿಗೂ ಇಲ್ಲಿ ಉತ್ತರವಿದೆ. ಮದ್ಯ ತಾನಾಗಿ ವಿನೆಗರ್ ಆದರೆ ಅದು ಶುದ್ಧ. ಮನುಷ್ಯ ಏನನ್ನಾದರೂ ಹಾಕಿ ವಿನೆಗರ್ ಮಾಡಿದರೆ ಹನಫೀಗಳಿಗೆ ಸಮ್ಮತ, ಶಾಫಿಈ ಪಂಥದವರಿಗೆ ಅಲ್ಲ. ಅಂತೂ ಮದ್ಯ ತಾನಾಗಿ ತನ್ನ ಗುಣ ಬಿಟ್ಟರೆ ನಿಷೇಧವೂ ಬಿಡುತ್ತದೆ ಎಂಬಲ್ಲಿ ಒಮ್ಮತವಿದೆ.

ಯಹೂದಿ ಧರ್ಮದ ನಾಜಿರ್ ವ್ರತ ಇದಕ್ಕೆ ನೇರ ವಿರುದ್ಧ. ಈ ವ್ರತ ಹಿಡಿದವನು ದ್ರಾಕ್ಷಾರಸವನ್ನಷ್ಟೇ ಅಲ್ಲ, ಅದರ ವಿನೆಗರ್, ಹಸಿ ದ್ರಾಕ್ಷಿ, ಒಣದ್ರಾಕ್ಷಿ, ಕೊನೆಗೆ ಬೀಜ ಸಿಪ್ಪೆಗಳನ್ನೂ ಮುಟ್ಟಬಾರದು ಎಂದು ಬೈಬಲಿನ ಅರಣ್ಯಕಾಂಡ ಹೇಳುತ್ತದೆ. ಸಿಪ್ಪೆ ತಿಂದವನಿಗೆ ಮತ್ತೇರುವುದಿಲ್ಲ ಎಂಬುದು ವಿಧಿ ಬರೆದವರಿಗೂ ಗೊತ್ತಿತ್ತು. ಗೆರೆಯನ್ನು ಗಡಿಗೆಯ ಬಾಯಿಯಿಂದ ಎತ್ತಿ ಬಳ್ಳಿಯ ಬುಡಕ್ಕೆ ಒಯ್ದರೆ ಎಲ್ಲಿ ದಾಟಿದೆ ಎಂಬ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ವ್ರತವಿಲ್ಲದ ಯಹೂದಿಗೆ ದ್ರಾಕ್ಷಾರಸ ಸಬ್ಬತ್ತಿನ ಪವಿತ್ರ ಪಾನ. ಅಲ್ಲಿ ಪ್ರಶ್ನೆ ತಿರುಗುಮುರುಗಾಗಿ, ಹುದುಗದ ರಸ ಸಾಕೇ ಎಂದಾಗುತ್ತದೆ. ಗೊಂಚಲು ಹಿಂಡಿ ಆಗಲೇ ಅದರ ಮೇಲೆ ಸಬ್ಬತ್ತಿನ ಪ್ರಾರ್ಥನೆಯಾದ ಕಿದ್ದುಷ್ ಹೇಳಬಹುದು ಎಂದು ತಾಲ್ಮುದ್ ಉದಾರವಾಗಿ ಒಪ್ಪಿದೆ. ಕ್ಯಾಥೊಲಿಕ್ ಚರ್ಚು ಬಲಿಪೂಜೆಗೆ ಕೆಡದ, ಸಹಜ ದ್ರಾಕ್ಷಾರಸವೇ ಬೇಕೆನ್ನುತ್ತದೆ. ಮದ್ಯ ಒಗ್ಗದ ಪಾದ್ರಿಗಳಿಗೆ ಮಾತ್ರ, ಹುದುಗುವುದನ್ನು ತಡೆದಿಟ್ಟ ರಸಕ್ಕೆ ಅನುಮತಿಯಿದೆ. ಪಾನನಿಷೇಧದ ಪರವಾಗಿದ್ದ ಮೆಥಡಿಸ್ಟರಿಗೆ ಹುದುಗಿದ್ದೇ ಬೇಡವಾಗಿತ್ತು. ಆ ಪಂಥದ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ದ್ರಾಕ್ಷಿರಸವನ್ನು ಬಾಟಲಿಗೆ ತುಂಬಿ, ಬಿಸಿನೀರಿನಲ್ಲಿ ಕಾಯಿಸಿ ಯೀಸ್ಟನ್ನು ಕೊಂದು, ಹುದುಗದೆ ಉಳಿಯುವ ರಸವನ್ನು ಚರ್ಚಿಗಾಗಿ ತಯಾರಿಸಿದ. ರಸ ರಸವಾಗಿಯೇ ತಿಂಗಳುಗಟ್ಟಲೆ ನಿಲ್ಲುವುದು ಪಾಶ್ಚರನ ವಿದ್ಯೆ ಬರುವ ಮುಂಚೆ ದುಸ್ತರವಾಗಿತ್ತು.

ಯೀಸ್ಟನ್ನು ಕೊಲ್ಲುವುದು ಎಂಬಲ್ಲೇ ಜೈನರ ಪ್ರಶ್ನೆ ಏಳುತ್ತದೆ. ಹತ್ತನೆಯ ಶತಮಾನದ ಅಮೃತಚಂದ್ರ ಸೂರಿ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯದ ಮೇಲೆ ಎರಡು ಆಕ್ಷೇಪ ಎತ್ತುತ್ತಾನೆ. ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮ ಮರೆತು ಹಿಂಸೆಗಿಳಿಯುತ್ತಾನೆ ಎಂಬುದು ಒಂದು. ಮದ್ಯ ರಸದಲ್ಲಿ ಹುಟ್ಟುವ ಅಸಂಖ್ಯ ಜೀವಿಗಳ ಯೋನಿ, ಕುಡಿದರೆ ಅವು ಸಾಯುತ್ತವೆ ಎಂಬುದು ಇನ್ನೊಂದು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಹುದುಗುವ ಗಡಿಗೆಯನ್ನು ಜೀವ ತುಂಬಿದ ಗಡಿಗೆ ಎಂದು ಕಂಡದ್ದು ಬೆರಗು ಹುಟ್ಟಿಸುವ ನೋಟ. ಆದ್ದರಿಂದ ಜೈನ ಅಡುಗೆಮನೆಯಲ್ಲಿ ಗೆರೆ ಆಲ್ಕೋಹಾಲಿಗೂ ಮುಂಚೆ ಬೀಳುತ್ತದೆ: ರುಚಿ ತಿರುಗಿದ ಪದಾರ್ಥ, ಅಂದರೆ ಚಲಿತರಸ, ಅಭಕ್ಷ್ಯ.

ಜೈನ ವಿಚಾರದ ಇನ್ನೊಂದು ಎಳೆ ಕನ್ನಡ ಓದುಗರಿಗೆ ಚೆನ್ನಾಗಿ ಗೊತ್ತು. ಜನ್ನನ ಯಶೋಧರಚರಿತೆಯಲ್ಲಿ ತಾಯಿಯ ಒತ್ತಾಯಕ್ಕೆ ಯಶೋಧರ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಆ ಕೋಳಿಯ ಮೇಲೆ ಕತ್ತಿಯೆತ್ತಿದ ಸಂಕಲ್ಪಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ನೋಯುತ್ತಾರೆ. ಈ ಅಳತೆಗೋಲು ಹಿಡಿದರೆ ವಿಸ್ಕಿಯ ರುಚಿಯನ್ನೇ ಬೇಡುತ್ತಾ ಕುಡಿದ ಆಲ್ಕೋಹಾಲಿಲ್ಲದ ಲೋಟ ನಿರ್ದೋಷವೇ? ಹಿಟ್ಟಿನ ಕೋಳಿಯಲ್ಲಿ ಬೇಕೆಂದದ್ದು ಕೊಲೆ, ಕೊಲೆಯ ಬಯಕೆಯೇ ಹಿಂಸೆಯ ಬೇರು. ಹುಳಿಪಾನಕ ಕುಡಿಯುವವನಿಗೆ ಸಾಮಾನ್ಯವಾಗಿ ಬೇಕಾದದ್ದು ಸಿಹಿ, ಹುಳಿ, ತಂಪು, ನಾಲ್ಕು ಜನರ ಜೊತೆ, ಪ್ರಮಾದವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ವಿನಯ ಅದನ್ನು ಸಣ್ಣ ದೋಷಕ್ಕೆ ನಿಲ್ಲಿಸಿ, ಅದೂ ಮದ್ಯವೆಂದೇ ಭಾವಿಸಿ ಕುಡಿದವನಿಗೆ ಮಾತ್ರ ಹಚ್ಚಿದ್ದು ಹೆಚ್ಚು ನ್ಯಾಯವಾದ ತೂಕ. ಬದಲಿ ಪದಾರ್ಥದ ಬಲವನ್ನು ವೈದಿಕ, ತಾಂತ್ರಿಕ ಪರಂಪರೆಗಳೂ ಬಲ್ಲವು. ಕಂಚಿನ ಪಾತ್ರೆಗೆ ಎಳನೀರು ಸುರಿದರೆ ಅದು ಮದ್ಯಕ್ಕೆ ಸಮ ಎಂಬ ನಂಬಿಕೆಯಿಂದ ಆಚಾರವಂತರು ಹಾಗೆ ಸುರಿಯುವುದಿಲ್ಲ. ಅದೇ ನಂಬಿಕೆಯಿಂದ ಶಾಕ್ತಪೂಜೆಯಲ್ಲಿ ಮದ್ಯದ ಬದಲು ಅದನ್ನೇ ಇಡುವುದುಂಟು.

ಔಷಧದ ವಿಷಯದಲ್ಲಿ ಹಲವು ಪರಂಪರೆಗಳು ಕೈ ಸಡಿಲಿಸಿವೆ. ಬಾಣಂತಿಗೆ ಕೊಡುವ ದಶಮೂಲಾರಿಷ್ಟ, ಸುಸ್ತಿಗೆ ಕೊಡುವ ದ್ರಾಕ್ಷಾರಿಷ್ಟ ಎರಡೂ ಬೆಲ್ಲ ಮತ್ತು ಧಾತಕಿ ಹೂ ಹಾಕಿ ಹುದುಗಿಸಿದ ಪಾನಗಳೇ. ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಎಂದು ಬಾಟಲಿಯ ಚೀಟಿಯೇ ಹೇಳುತ್ತದೆ, ಅದರ ಬಲ ಬಿಯರಿಗಿಂತ ಕಡಿಮೆಯೇನಲ್ಲ. ಮದ್ಯದ ವಾಸನೆಗೆ ಮೂಗು ಮುಚ್ಚುವ ಮನೆಗಳಲ್ಲೂ ಅದು ಗೂಡಿನಲ್ಲಿರುತ್ತದೆ. ಅಳತೆ ಎರಡು ಚಮಚ, ಅಳೆಯುವವನು ವೈದ್ಯ, ಉದ್ದೇಶ ಗುಣ. ಈ ಮೂರೂ ಕುಡಿಯುವವನ ಕೈಯಲ್ಲಿಲ್ಲ ಎಂಬುದೇ ಇಲ್ಲಿನ ರಕ್ಷೆ. ವಿನಯವೂ ವಾಯುರೋಗದ ಎಣ್ಣೆಗೆ ಮದ್ಯ ಬೆರೆಸಲು ಬಿಟ್ಟಿತು, ಬಣ್ಣ, ವಾಸನೆ, ರುಚಿ ತೋರದಷ್ಟು ಮಾತ್ರ.

ಇವೆಲ್ಲದರ ನಡುವೆ ಗಟ್ಟಿಯಾದ ಪ್ರಶ್ನೆ ಪ್ರಮಾಣದ್ದು. ಕೆಡುಕು ಅಮಲಿನಲ್ಲಿದ್ದರೆ, ಅಮಲೇರದಷ್ಟು ಕುಡಿಯುವುದರಲ್ಲಿ ತಪ್ಪೇನು? ಅಬೂ ಹನೀಫಾರ ಮತ ತರ್ಕದಲ್ಲಿ ಹೆಚ್ಚು ನೇರ. ಕಾರಣ ಎಲ್ಲಿಯವರೆಗೋ ವಿಧಿಯೂ ಅಲ್ಲಿಯವರೆಗೆ. ಆದರೂ ಅವರ ಪಂಥವೇ ಅದನ್ನು ಬಿಟ್ಟುಕೊಟ್ಟದ್ದಕ್ಕೆ ಬಲವಾದ ಸಮರ್ಥನೆಯಿದೆ. ಇಷ್ಟು ಸಾಕು ಎಂದು ಹೇಳಬೇಕಾದ 
ಬುದ್ಧಿಯ ಮೇಲೇ ಮದ್ಯ ಮೊದಲು ಕೆಲಸ ಮಾಡುತ್ತದೆ. ಉಪ್ಪು ಹೆಚ್ಚಾದರೆ ನಾಲಿಗೆ ಹೇಳುತ್ತದೆ, ಊಟ ಹೆಚ್ಚಾದರೆ ಹೊಟ್ಟೆ ಹೇಳುತ್ತದೆ. ಮದ್ಯ ಹೆಚ್ಚಾದರೆ ಹೇಳಬೇಕಾದವನೇ ಮಂಕಾಗಿರುತ್ತಾನೆ. ಹುಳಿ ಕಾಕ್‌ಟೇಲಿನಲ್ಲಿ ಈ ಮಾತು ಇನ್ನೂ ನಿಜ. ಶೇ. 42.8ರ ಸ್ಪಿರಿಟ್ಟಿನ ಗಂಟಲುರಿಯನ್ನು ನಿಂಬೆ, ಸಕ್ಕರೆ, ಮಂಜುಗಡ್ಡೆ ಮೂರೂ ಸೇರಿ ಅಡಗಿಸುವುದರಿಂದ ದೇಹ ಕೊಡುವ ಮೊದಲ ಎಚ್ಚರಿಕೆಯೂ ತಪ್ಪಿಹೋಗುತ್ತದೆ. ನಾಡಿನಲ್ಲಿ ಯಥೇಚ್ಛ ದ್ರಾಕ್ಷಾರಸವಿದ್ದ ಗ್ರೀಕರೂ ಇದನ್ನು ಬಲ್ಲರು. ಮಿಟಿಲೀನಿನ ಶಾಸನಕಾರ ಪಿಟ್ಟಕಸ್ ಕುಡಿದು ಮಾಡಿದ ಅಪರಾಧಕ್ಕೆ ಹೆಚ್ಚಿನ ದಂಡ ವಿಧಿಸಿದ್ದ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ, ಕುಡಿದವನಿಗೆ ಮಾಡಿದ್ದರ ಅರಿವಿಲ್ಲದಿರಬಹುದು, ಆದರೆ ಆ ಅರಿವುಗೇಡಿಗೆ ಅವನೇ ಕಾರಣ, ಕುಡಿಯದಿರುವುದು ಅವನ ಕೈಯಲ್ಲಿತ್ತು ಎಂದು ಇಮ್ಮಡಿ ದಂಡವನ್ನು ಸಮರ್ಥಿಸುತ್ತಾನೆ. ಹೊಣೆ ಬೀಳುವುದು ಕೊನೆಯ ಗುಟುಕಿನ ಮೇಲಲ್ಲ, ಸ್ವತಂತ್ರವಾಗಿದ್ದಾಗ ಎತ್ತಿದ ಮೊದಲ ಗುಟುಕಿನ ಮೇಲೆ. ಹುಲ್ಲಿನ ತುದಿಯ ಹನಿಯನ್ನೂ ಬಿಡದ ವಿನಯ, ಕೊಂಚವನ್ನೂ ಬಿಡದ ಹದೀಸ್ ಎರಡೂ ಗೆರೆಯನ್ನು ಈ ಮೊದಲ ಗುಟುಕಿಗೇ ತಂದಿಟ್ಟಿವೆ. ಮಿತವಾಗಿ ಕುಡಿದು ಎಚ್ಚರದಿಂದಿರುವ ಗೃಹಸ್ಥನಿಗೆ ಇದು ಅತಿಯೆನಿಸೀತು, ಅವನ ಮಟ್ಟಿಗೆ ಅತಿಯೂ ಹೌದು. ನಿಯಮ ಮಾಡುವವರಿಗೆ ಆ ಗೃಹಸ್ಥನನ್ನೂ ಕೌಶಾಂಬಿಯ ಊರಬಾಗಿಲಲ್ಲಿ ಬೀಳಲಿರುವವನನ್ನೂ ಮುಂಚಿತವಾಗಿ ಬೇರೆ ಮಾಡಲು ಬರುತ್ತಿರಲಿಲ್ಲ.

ಕುಡಿಯುವವನ ನಂತರ ಮಾಡಿಕೊಡುವವನ ಪ್ರಶ್ನೆ. ಬುದ್ಧ ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಮದ್ಯದ್ದೂ ಒಂದು. ಮದ್ಯದ ವಿಷಯದಲ್ಲಿ ಶಾಪಕ್ಕೆ ಗುರಿಯಾದ ಹತ್ತು ಮಂದಿಯನ್ನು ಎಣಿಸುವ ಹದೀಸ್ ಕುಡಿಯುವವನೊಡನೆ ಹಿಂಡಿದವನು, ಹಿಂಡಿಸಿದವನು, ಹೊತ್ತವನು, ಬಡಿಸಿದವನು, ಮಾರಿದವನು, ಕೊಂಡವನು ಎಲ್ಲರನ್ನೂ ಹೆಸರಿಸುತ್ತದೆ. ಎಲ್ಲಕ್ಕಿಂತ ಹದವಾದ ವಿಚಾರ ತಾಲ್ಮುದಿನದು. ಕುರುಡನ ದಾರಿಗೆ ಅಡ್ಡಿಯಿಡಬೇಡ ಎಂಬ ವಿಧಿಯನ್ನು ವಿಸ್ತರಿಸಿ, ನಾಜಿರನ ಕೈಗೆ ದ್ರಾಕ್ಷಾರಸದ ಬಟ್ಟಲು ಕೊಡಬಾರದು ಎಂದು ಅಲ್ಲಿ ಹೇಳಿದೆ. ಅವನೇ ಕೈಚಾಚಿ ತೆಗೆದುಕೊಳ್ಳಬಹುದಾಗಿದ್ದರೂ ಕೊಟ್ಟವನಿಗೆ ಅದೇ ದೋಷವೇ ಎಂಬ ಶಂಕೆ ಎದ್ದಾಗ, ಇಬ್ಬರೂ ಹೊಳೆಯ ಎರಡು ದಡಗಳಲ್ಲಿ ನಿಂತಿರುವ ಸಂದರ್ಭವನ್ನು ಕಲ್ಪಿಸುತ್ತಾರೆ: ಕೊಡುವವನ ಕೈಯಿಲ್ಲದೆ ಆ ಬಟ್ಟಲು ನಾಜಿರನಿಗೆ ಸಿಗುವಂತೆಯೇ ಇರಲಿಲ್ಲ, ಅದಕ್ಕೇ ವಿಧಿಯ ಪೂರ್ಣ ಭಾರ ಅವನ ಮೇಲೆ.

ಮನೆಯ ಕೂಟದಲ್ಲಿ ಕುಡಿಯದ ಅತಿಥಿ ಹೊಳೆಯ ಆಚೆ ದಡದವನೇ. ಲೋಟದಲ್ಲಿ ಏನಿದೆ ಎಂದು ಹುಳಿಸಿಹಿಯ ರುಚಿಯಿಂದ ಅವನಿಗೆ ತಿಳಿಯುವುದಿಲ್ಲ. ತಿಳಿಯದೆ ಕುಡಿದರೂ ದೋಷ ಎಂದು ನಂಬಿದವನಾದರೆ ಮಾಡಿದವನ ಮಾತೊಂದೇ ಅವನಿಗೆ ಆಧಾರ. ಆಲ್ಕೋಹಾಲಿಲ್ಲ ಎಂದು ಕೊಡುವ ಪಾನಕಕ್ಕೆ ವಾಸನೆಗೆಂದು ಬಿಟರ್ಸ್ ಹನಿಸುವ ರೂಢಿಯಿದೆ. ಅಂಗೊಸ್ಟುರಾ ಬಿಟರ್ಸಿನಲ್ಲಿ ಶೇ. 44.7 ಆಲ್ಕೋಹಾಲ್ ಇದೆ. ನಾಲ್ಕು ಹನಿಯಿಂದ ಮತ್ತೇರದು, ಹುಲ್ಲಿನ ತುದಿಯ ಲೆಕ್ಕಕ್ಕೆ ಮಾತ್ರ ಅದು ಹೆಚ್ಚೇ ಆಯಿತು. ಕುಲುಕುವ ಪಾತ್ರೆ, ಸೋಸುವ ಜಾಲರಿ ಎರಡಕ್ಕೂ ಒಂದೇ ಆದರೆ ಹಿಂದಿನ ಲೋಟದ್ದು ಮುಂದಿನ ಲೋಟಕ್ಕೆ ಬರುತ್ತದೆ. ಹಲವು ಹುಳಿ ಕಾಕ್‌ಟೇಲುಗಳಲ್ಲಿ ಮೇಲಿನ ಬಿಳಿ ನೊರೆಗೆಂದು ಹಸಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಮದ್ಯ ಬಿಟ್ಟರೂ ನೊರೆಯನ್ನು ಬಿಡದೆ ಮಾಡಿದ ಲೋಟ ಜೈನನಿಗೂ, ಮೊಟ್ಟೆ ತಿನ್ನದ ಇತರರಿಗೂ ಅಷ್ಟೇ ವರ್ಜ್ಯ. ಇವನ್ನೆಲ್ಲ ಕೇಳುವ ಮೊದಲೇ ಹೇಳುವುದು ಲೋಟ ಕೊಡುವವನ ಕೆಲಸ.